ಹೂವಿನ ಛಾಯಾಚಿತ್ರದಲ್ಲಿ ವೈದೃಶ್ಯ ಮತ್ತು ಸಂಕೇತ: ಕಾವ್ಯಮೀಮಾಂಸೆಯ ನೆಲೆಯಿಂದ ಒಂದು ವಿವೇಚನೆ

೧. ಪ್ರವೇಶ

ಪಂಪನ 'ಆದಿಪುರಾಣ'ದಲ್ಲಿ ವಜ್ರದಂತ ಚಕ್ರವರ್ತಿಗೆ ವೈರಾಗ್ಯ ಹುಟ್ಟುವ ಸಂದರ್ಭವೊಂದಿದೆ. ತನಗೆ ಕಾಣಿಕೆಯಾಗಿ ಬಂದ ತಾವರೆಯೊಳಗೆ ಚಕ್ರವರ್ತಿಯು ಸತ್ತ ದುಂಬಿಯೊಂದನ್ನು ಕಾಣುತ್ತಾನೆ. ಕಂಪಿಗೆ ಮನಸೋತು ಒಳಹೊಕ್ಕು, ಹೂ ಮುಚ್ಚಿಕೊಂಡಾಗ ಹೊರಬರಲಾರದೆ ಅಲ್ಲಿಯೇ ಪ್ರಾಣಬಿಟ್ಟ ದುಂಬಿ ಅದು. ರಾಜ್ಯವನ್ನು ತೊರೆಯಲು ಅವನಿಗೆ ಅಷ್ಟೇ ಸಾಕಾಗುತ್ತದೆ. ತಾವರೆಯ ಬಗೆಗೆ ನಮ್ಮ ಪರಂಪರೆ ಕಟ್ಟಿಕೊಟ್ಟಿರುವ ಅರ್ಥಗಳು ಹಲವು: ಲಕ್ಷ್ಮಿಯ ಪೀಠ, ಹೆಣ್ಣಿನ ಮುಖ ಹಾಗೂ ಕಣ್ಣುಗಳಿಗೆ ಉಪಮಾನ, ಕೆಸರಿನಲ್ಲಿ ಹುಟ್ಟಿಯೂ ಕೆಸರು ಅಂಟದ ಪಾವಿತ್ರ್ಯ. ಇವುಗಳಲ್ಲಿ ಯಾವುದೂ ಪ್ರಸ್ತುತ ಸಂದರ್ಭವನ್ನು ವಿವರಿಸುವುದಿಲ್ಲ. ಇಲ್ಲಿ ಅರ್ಥ ಹುಟ್ಟುವುದು ಅರಳಿದ ದಳಗಳ ನಡುವೆ ಬಿದ್ದಿರುವ ಆ ಪುಟ್ಟ ಕಪ್ಪು ದೇಹದಿಂದ. ದುಂಬಿಯನ್ನು ತೆಗೆದುಬಿಟ್ಟರೆ ತಾವರೆ ಮತ್ತೆ ಬರಿಯ ಕಾಣಿಕೆಯಾಗುತ್ತದೆ.

ಪದವಿ ತರಗತಿಗಳಲ್ಲಿ ಕೆಲಕಾಲ ಪಾಠ ಮಾಡಿದ ಅನುಭವದಿಂದ ಹೇಳುವುದಾದರೆ, ಸಂಕೇತವನ್ನು ನಾವು ಕಲಿಸುವ ಕ್ರಮ ಇದಕ್ಕೆ ವಿರುದ್ಧವಾಗಿದೆ. ತಾವರೆ ಎಂದರೆ ಪಾವಿತ್ರ್ಯ, ಗುಲಾಬಿ ಎಂದರೆ ಪ್ರೇಮ, ಮಲ್ಲಿಗೆ ಎಂದರೆ ಮುಗ್ಧತೆ ಎಂಬಂತೆ ಸಂಕೇತಗಳ ಪಟ್ಟಿಯನ್ನು ಕೊಡುತ್ತೇವೆ. ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಅದನ್ನೇ ಮರಳಿ ಬರೆಯುತ್ತಾರೆ. ಆ ಉತ್ತರ ತಪ್ಪೆಂದು ಹೇಳಲಾಗದು, ಆದರೆ ಅದರಲ್ಲಿ ಕವಿತೆಯೇ ಇರುವುದಿಲ್ಲ. ಈ ತೊಡಕನ್ನು ಬಿಡಿಸಿಕೊಳ್ಳಲು ಕಾವ್ಯಕ್ಕೆ ಹೊರತಾದ ಒಂದು ಮಾಧ್ಯಮವನ್ನು, ಅಂದರೆ ಹೂವಿನ ಛಾಯಾಚಿತ್ರವನ್ನು, ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಹೂವಿಗೆ ಸಂಕೇತಾರ್ಥ ಬರುವುದು ಹೂವಿನ ಹೆಸರಿನಿಂದಲ್ಲ, ಅದರೊಂದಿಗೆ ಇರಿಸಲಾದ ವಿರುದ್ಧದಿಂದ ಎಂಬುದನ್ನು ಛಾಯಾಚಿತ್ರವು ಕವಿತೆಗಿಂತಲೂ ನಿಚ್ಚಳವಾಗಿ ತೋರಿಸಿಕೊಡುತ್ತದೆ ಎಂಬುದು ಇಲ್ಲಿನ ಮುಖ್ಯ ವಾದ.

೨. ವೈದೃಶ್ಯದ ನೆಲೆಗಳು

ವೈದೃಶ್ಯ ಎಂಬ ಪದವನ್ನು ಛಾಯಾಗ್ರಹಣದಲ್ಲಿ ಸಾಮಾನ್ಯವಾಗಿ ಬೆಳಕು-ನೆರಳುಗಳ ಅಂತರಕ್ಕೆ ಬಳಸುವುದುಂಟು. ಹೂವಿನ ಚಿತ್ರದ ಮಟ್ಟಿಗೆ ಅದರ ಮೂರು ನೆಲೆಗಳನ್ನಾದರೂ ಗುರುತಿಸಬೇಕಾಗುತ್ತದೆ. ಮೊದಲನೆಯದು ಛಾಯೆ ಹಾಗೂ ವರ್ಣಗಳ ವೈದೃಶ್ಯ. ಎರಡನೆಯದು ರೂಪದ ವೈದೃಶ್ಯ: ನುಣುಪು-ಒರಟು, ಹಿರಿದು-ಕಿರಿದು, ಬಾಗು-ನೇರ ಇತ್ಯಾದಿ. ಮೂರನೆಯದು ವಸ್ತುವಿನ ವೈದೃಶ್ಯ: ಹೂ ಮತ್ತು ಆಯುಧ, ಹೂ ಮತ್ತು ಶವ ಎಂಬಂತಹ ಜೋಡಿಗಳು. ಮೊದಲೆರಡು ಕಣ್ಣಿಗೆ ಸಂಬಂಧಿಸಿದವು. ಮೂರನೆಯದಕ್ಕೆ ಲೋಕಜ್ಞಾನವೂ ಬೇಕು. ಸಮರ್ಥ ಚಿತ್ರಗಳಲ್ಲಿ ಇವು ಒಂದರೊಳಗೊಂದು ಬೆರೆತಿರುತ್ತವೆ.

ಮೊದಲನೆಯ ನೆಲೆಯನ್ನು ಕೇವಲ ತಾಂತ್ರಿಕವೆಂದು ಬದಿಗಿಡುವಂತಿಲ್ಲ. ಆರಂಭಕಾಲದ ಛಾಯಾಫಲಕಗಳು ಮುಖ್ಯವಾಗಿ ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. ಅವುಗಳಲ್ಲಿ ನೀಲಿ ಹೂ ಬೆಳ್ಳಗೆ, ಕೆಂಪು ಹಾಗೂ ಹಳದಿ ಹೂಗಳು ಕಪ್ಪಾಗಿ ಮೂಡುತ್ತಿದ್ದವು. ೧೮೭೩ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಎಂಬ ವಿಜ್ಞಾನಿ, ಫಲಕಕ್ಕೆ ಕೆಲವು ಬಣ್ಣದ ರಾಸಾಯನಿಕಗಳನ್ನು ಸೇರಿಸಿದರೆ ಅದು ಇತರ ವರ್ಣಗಳಿಗೂ ಸ್ಪಂದಿಸುತ್ತದೆಂದು ಕಂಡುಕೊಂಡನು. ಎಲ್ಲ ವರ್ಣಗಳನ್ನು ಗ್ರಹಿಸುವ ಫಲಕಗಳು ಮಾರುಕಟ್ಟೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಆದರೆ ಅಲ್ಲಿಯೂ ಒಂದು ಸಮಸ್ಯೆ ಉಳಿಯಿತು. ಕಣ್ಣಿಗೆ ತೀರ ಭಿನ್ನವಾಗಿ ಕಾಣುವ ಕೆಂಪು ದಾಸವಾಳ ಮತ್ತು ಅದರ ಹಸಿರು ಎಲೆ ಕಪ್ಪುಬಿಳುಪು ಚಿತ್ರದಲ್ಲಿ ಹೆಚ್ಚುಕಡಿಮೆ ಒಂದೇ ಬೂದುಬಣ್ಣಕ್ಕೆ ಇಳಿದುಬಿಡಬಹುದು. ಮಸೂರದ ಮುಂದೆ ಕೆಂಪು ಶೋಧಕವನ್ನಿಟ್ಟರೆ ಹೂ ಬೆಳಗಿ ಎಲೆ ಕಪ್ಪಾಗುತ್ತದೆ. ಹಸಿರು ಶೋಧಕವನ್ನಿಟ್ಟರೆ ಎಲೆ ಬೆಳಗಿ ಹೂ ಕಪ್ಪಾಗುತ್ತದೆ. ಅಂದರೆ ಒಂದೇ ಗಿಡದ ಮುಂದೆ ನಿಂತ ಛಾಯಾಗ್ರಾಹಕನು ಹೂ ಬೆಳಕಾಗಬೇಕೇ ಕತ್ತಲಾಗಬೇಕೇ ಎಂಬುದನ್ನು ತಾನೇ ನಿರ್ಧರಿಸಬೇಕಾಗುತ್ತದೆ. ವೈದೃಶ್ಯವು ನಿಸರ್ಗದಲ್ಲಿ ಸಿದ್ಧವಾಗಿ ದೊರೆಯುವ ಗುಣವಲ್ಲ, ಅದು ವಿವಕ್ಷೆಗೆ ಸೇರಿದ ಸಂಗತಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಶುಭಾಶಯ ಪತ್ರಗಳಲ್ಲಿ ಹಾಗೂ ಗೋಡೆಯ ಕ್ಯಾಲೆಂಡರುಗಳಲ್ಲಿ ಕಾಣುವ ಹೂಗಳನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ಅಲ್ಲಿ ಹೂವಿಗೆ ಎಲ್ಲ ಕಡೆಯಿಂದಲೂ ಸಮನಾದ ಬೆಳಕು ಬಿದ್ದಿರುತ್ತದೆ. ಕೀಟ ಕಡಿದ ದಳ, ಬಾಡಿದ ಅಂಚು, ಪಕ್ಕದ ಮುಳ್ಳು ಯಾವುದೂ ಇರುವುದಿಲ್ಲ. ಇಂದು ಮೊಬೈಲ್ ಫೋನಿನಲ್ಲಿ ತೆಗೆಯುವ ಅಸಂಖ್ಯ ಹೂಗಳ ಚಿತ್ರಗಳಲ್ಲಿಯೂ ಬಣ್ಣವನ್ನು ಗಾಢಗೊಳಿಸಿ ಹಿನ್ನೆಲೆಯನ್ನು ಮಸುಕಾಗಿಸುವುದೇ ರೂಢಿಯಾಗಿದೆ. ಬಣ್ಣ ಗಾಢವಾದ ಮಾತ್ರಕ್ಕೆ ವೈದೃಶ್ಯ ಹೆಚ್ಚಿದಂತಾಗುವುದಿಲ್ಲ. ಇಂತಹ ಚಿತ್ರ 'ಇದು ಹೂ, ಇದು ಚೆಲುವಾಗಿದೆ' ಎಂದಷ್ಟೇ ಹೇಳುತ್ತದೆ. ಅದು ವಾಚ್ಯದಲ್ಲಿಯೇ ನಿಲ್ಲುತ್ತದೆ.

೩. ಸಂಕೇತವನ್ನು ಕಳಚುವ ವೈದೃಶ್ಯ

ವೈದೃಶ್ಯವು ಯಾವಾಗಲೂ ಸಂಕೇತವನ್ನು ಹುಟ್ಟಿಸುತ್ತದೆಂದು ಹೇಳಲಾಗದು. ಕೆಲವೊಮ್ಮೆ ಅದು ಹಳೆಯ ಸಂಕೇತವನ್ನು ಕಳಚಿಹಾಕುವ ಸಾಧನವೂ ಆಗುತ್ತದೆ. ಇದಕ್ಕೆ ಬರ್ಲಿನ್ನಿನ ಕಾರ್ಲ್ ಬ್ಲಾಸ್‌ಫೆಲ್ಟ್ (೧೮೬೫-೧೯೩೨) ಉತ್ತಮ ನಿದರ್ಶನ. ಈತ ವೃತ್ತಿಯಿಂದ ಛಾಯಾಗ್ರಾಹಕನಲ್ಲ. ಅನ್ವಯಿಕ ಕಲೆಗಳ ಶಾಲೆಯೊಂದರಲ್ಲಿ ಸಸ್ಯಗಳನ್ನು ಮಾದರಿಯಾಗಿಟ್ಟುಕೊಂಡು ರೂಪರಚನೆಯನ್ನು ಕಲಿಸುತ್ತಿದ್ದ ಅಧ್ಯಾಪಕ. ತರಗತಿಯ ಬಳಕೆಗೆಂದು ಹಲವು ಪಟ್ಟು ಹಿಗ್ಗಿಸಿ ತೆಗೆದ ಮೊಗ್ಗು, ಸುರುಳಿ, ಕಾಂಡ, ಬೀಜಕೋಶಗಳ ಚಿತ್ರಗಳು ೧೯೨೮ರಲ್ಲಿ 'ಉರ್‌ಫಾರ್ಮೆನ್ ಡೆರ್ ಕುನ್ಸ್ಟ್' ಎಂಬ ಹೆಸರಿನಲ್ಲಿ ಪ್ರಕಟವಾದವು. ಕಲೆಯ ಆದಿರೂಪಗಳು ಎಂಬುದು ಆ ಹೆಸರಿನ ಅರ್ಥ. ಅದೇ ವರ್ಷ ವಾಲ್ಟರ್ ಬೆಂಜಮಿನ್ ಈ ಕೃತಿಯನ್ನು ಕುರಿತು ವಿಮರ್ಶೆ ಬರೆದದ್ದು ಗಮನಾರ್ಹವಾಗಿದೆ.

ಬ್ಲಾಸ್‌ಫೆಲ್ಟ್ ತನ್ನ ಸಸ್ಯಗಳನ್ನು ಬರಿದಾದ ಹಿನ್ನೆಲೆಯ ಮುಂದಿರಿಸುತ್ತಾನೆ. ತೋಟ, ಮಣ್ಣು, ಹೂದಾನಿ, ಕೈ ಯಾವುದರ ಸುಳಿವೂ ಇರುವುದಿಲ್ಲ. ಹಿನ್ನೆಲೆಯ ಶೂನ್ಯಕ್ಕೂ ಸಸ್ಯದ ಬಿಗಿಯಾದ ರೇಖೆಗೂ ಇರುವ ವೈದೃಶ್ಯದಿಂದಾಗಿ ಗಿಡವು ಕಬ್ಬಿಣದ ಜಾಲರಿಯಂತೆಯೋ ಕಂಬದ ಬೋದಿಗೆಯಂತೆಯೋ ಕಾಣತೊಡಗುತ್ತದೆ. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ನಡೆಯುವುದು ಸಾದೃಶ್ಯದ ಕೆಲಸ. ಪ್ರೇಮ, ಮರಣ, ಪಾವಿತ್ರ್ಯಗಳು ಹೊರಗುಳಿಯುತ್ತವೆ. ಸಂದರ್ಭವನ್ನು ಪೂರ್ತಿ ಅಳಿಸಿದಾಗ ಹೂವಿನ ಸಂಕೇತವೂ ಅಳಿಯುತ್ತದೆ ಎಂಬುದನ್ನು ಈ ಚಿತ್ರಗಳು ಸಾಬೀತುಪಡಿಸುತ್ತವೆ.

ಇದೇ ಕಾಲದಲ್ಲಿ ಅಮೆರಿಕದ ಇಮೊಜೆನ್ ಕನಿಂಗ್‌ಹ್ಯಾಮ್ (೧೮೮೩-೧೯೭೬) ಬೇರೊಂದು ದಾರಿಯನ್ನು ಹಿಡಿದಳು. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನು ಓದಿದ್ದ ಈಕೆ ೧೯೨೦ರ ದಶಕದಲ್ಲಿ ಮೂವರು ಚಿಕ್ಕ ಗಂಡುಮಕ್ಕಳನ್ನು ಸಾಕುತ್ತ, ಮನೆಯಿಂದ ದೂರ ಹೋಗಲಾಗದ ಸ್ಥಿತಿಯಲ್ಲಿ ಹಿತ್ತಿಲ ಗಿಡಗಳತ್ತ ಕ್ಯಾಮೆರಾ ತಿರುಗಿಸಿದಳು. ೧೯೨೫ರ 'ಮ್ಯಾಗ್ನೋಲಿಯ ಬ್ಲಾಸಮ್' ಆ ಕಾಲದ ರಚನೆ. ಮುಂದೆ ೧೯೩೨ರಲ್ಲಿ ರೂಪುಗೊಂಡ 'ಗ್ರೂಪ್ ಎಫ್/೬೪' ಎಂಬ ಛಾಯಾಗ್ರಾಹಕರ ಗುಂಪಿನಲ್ಲಿ ಈಕೆಯೂ ಇದ್ದಳು. ನಮ್ಮ ಸಂಪಿಗೆಯನ್ನೂ ಸಸ್ಯವಿಜ್ಞಾನಿಗಳು ಇಂದು ಮ್ಯಾಗ್ನೋಲಿಯ ಕುಲಕ್ಕೇ ಸೇರಿಸುತ್ತಾರೆ. ಆದ್ದರಿಂದ ಈ ಹೂವಿನ ನಡುವಿನ ರಚನೆಯನ್ನು ಊಹಿಸಿಕೊಳ್ಳುವುದು ಕನ್ನಡ ಓದುಗರಿಗೆ ಕಷ್ಟವಾಗದು. ಚಿತ್ರದಲ್ಲಿ ದಳಗಳು ಚೌಕಟ್ಟನ್ನು ತುಂಬಿಕೊಂಡಿವೆ. ನಡುವೆ ಕೇಸರ ಮತ್ತು ಅಂಡಾಶಯಗಳು ಒತ್ತಾಗಿ ನಿಂತಿವೆ. ಬೆಳ್ಳಗಿನ ನುಣುಪು ಹಾಸಿನ ಮೇಲೆ ಒರಟಾದ ಶಂಕುವೊಂದನ್ನು ಇಟ್ಟಂತಿದೆ. ಇಲ್ಲಿ ಹೂವಿಗೆ ಎದುರಾಗಿ ಬೇರೆ ವಸ್ತುವನ್ನು ತಂದಿಲ್ಲ. ವೈದೃಶ್ಯವು ಹೂವಿನ ಒಳಗಿನಿಂದಲೇ ಮೂಡಿದೆ. ಅಲಂಕಾರವೆಂದು ನಾವು ಮುಡಿಯುವ ಹೂ ಮೂಲತಃ ಸಂತಾನೋತ್ಪತ್ತಿಯ ಅಂಗ ಎಂಬ ಅರಿವು ಯಾವ ಸೂಚನೆಯೂ ಇಲ್ಲದೆ ನೋಡುಗನಲ್ಲಿ ಹುಟ್ಟುತ್ತದೆ. ಬ್ಲಾಸ್‌ಫೆಲ್ಟ್ ಕಳಚಿಟ್ಟ ಅರ್ಥವು ಇಲ್ಲಿ ಬೇರೆ ರೂಪದಲ್ಲಿ ಮರಳಿ ಬರುತ್ತದೆ.

೪. ಬಿಳಿಯ ಹೂ, ಕಪ್ಪು ಹಿನ್ನೆಲೆ

ನ್ಯೂಯಾರ್ಕಿನ ರಾಬರ್ಟ್ ಮೇಪಲ್‌ಥಾರ್ಪ್ (೧೯೪೬-೧೯೮೯) ೧೯೮೦ರ ದಶಕದಲ್ಲಿ ತೆಗೆದ ಕ್ಯಾಲಾ ಲಿಲಿಯ ಚಿತ್ರಗಳಲ್ಲಿ ಛಾಯಾವೈದೃಶ್ಯವು ತನ್ನ ತುತ್ತತುದಿಯನ್ನು ಮುಟ್ಟುತ್ತದೆ. ಚೌಕಾಕಾರದ ಚೌಕಟ್ಟು, ಗಾಢವಾದ ಕಪ್ಪು, ಅದರಲ್ಲಿ ಒಂಟಿ ಬಿಳಿ ಹೂ. ಈ ಹೂವೇ ಒಂದು ವಿರೋಧಾಭಾಸ. ಹೆಸರಿನಲ್ಲಿ ಲಿಲಿ ಇದ್ದರೂ ಅದು ಲಿಲಿಯ ಕುಟುಂಬಕ್ಕೆ ಸೇರಿದ್ದಲ್ಲ. ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದ ದಕ್ಷಿಣ ಆಫ್ರಿಕಾದ ಗಿಡ. ಬೆಳ್ಳಗೆ ಹೊರಳಿಕೊಂಡಿರುವುದು ದಳವೂ ಅಲ್ಲ, ಹೊದಿಕೆಯಂತಹ ಒಂದು ಎಲೆ. ನಿಜವಾದ ಹೂಗಳು ನಡುವಿನ ಹಳದಿ ದಂಡದ ಮೇಲೆ ಕಣ್ಣಿಗೆ ಬೀಳದಷ್ಟು ಸಣ್ಣವಾಗಿರುತ್ತವೆ. ಪಶ್ಚಿಮದಲ್ಲಿ ಇದನ್ನು ಮದುವೆಗೂ ಬಳಸುತ್ತಾರೆ, ಶವಸಂಸ್ಕಾರಕ್ಕೂ ಬಳಸುತ್ತಾರೆ. ಹೀಗಾಗಿ ಕೋಶವನ್ನು ನೋಡಿ ಅರ್ಥ ಹೇಳುವವರಿಗೆ ಈ ಹೂ ಆರಂಭದಲ್ಲಿಯೇ ತಡೆಯೊಡ್ಡುತ್ತದೆ.

ಮೇಪಲ್‌ಥಾರ್ಪ್ ಏಡ್ಸ್‌ಗೆ ಸಂಬಂಧಿಸಿದ ತೊಂದರೆಗಳಿಂದ ೧೯೮೯ರ ಮಾರ್ಚಿಯಲ್ಲಿ ತೀರಿಕೊಂಡನು. ಕಾಯಿಲೆ ಪತ್ತೆಯಾದದ್ದು ೧೯೮೬ರಲ್ಲಿ. ಈ ಸಂಗತಿಯನ್ನು ತಿಳಿದವರು ಅವನ ಎಲ್ಲ ಹೂಗಳಲ್ಲಿಯೂ ಮರಣವನ್ನೇ ಕಾಣುವುದುಂಟು. ಇಲ್ಲಿ ಸಂಶೋಧಕನು ಎಚ್ಚರದಿಂದಿರಬೇಕಾಗುತ್ತದೆ. ೧೯೭೮ರಲ್ಲಿಯೇ ಆತ 'ವೈ' ಎಂಬ ಹೆಸರಿನ ಹೂಗಳ ಸಂಪುಟವನ್ನು ಹೊರತಂದಿದ್ದನು. ಆ ಚಿತ್ರಗಳಲ್ಲಿ ಏಡ್ಸನ್ನು ಓದುವುದೆಂದರೆ ಕವಿಯ ಮರಣದ ದಿನಾಂಕವನ್ನು ಹಿಂದಕ್ಕೆ ಚಾಚಿ ಅವನ ಮೊದಲ ಕವಿತೆಗಳನ್ನು ಓದಿದಂತಾಗುತ್ತದೆ. ಚಿತ್ರದ ಒಳಗೆ ಇರುವುದು ಬೆಳಕನ್ನು ಸುತ್ತುವರಿದ ಕತ್ತಲೆ ಮಾತ್ರ. ಅದು ಮರಣವಾಗಲು ಹೊರಗಿನ ತಿಳಿವಳಿಕೆಯೊಂದು ಸೇರಬೇಕು. ಅದನ್ನು ಸೇರಿಸುವುದು ತಪ್ಪಲ್ಲ, ಆದರೆ ಚಿತ್ರದಿಂದ ಬಂದುದೆಷ್ಟು, ಚರಿತ್ರೆಯಿಂದ ಬಂದುದೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳುವ ಪ್ರಾಮಾಣಿಕತೆ ಬೇಕಾಗುತ್ತದೆ.

ಮೇಪಲ್‌ಥಾರ್ಪ್‌ನ ಸಂದರ್ಭದಲ್ಲಿ ವೈದೃಶ್ಯಕ್ಕೆ ಇನ್ನೊಂದು ಆಯಾಮವೂ ಇದೆ. 'ದ ಪರ್ಫೆಕ್ಟ್ ಮೊಮೆಂಟ್' ಎಂಬ ಅವನ ಪ್ರದರ್ಶನದಲ್ಲಿ ಹೂಗಳ ಚಿತ್ರಗಳು ನಗ್ನದೇಹಗಳ ಚಿತ್ರಗಳ ಜೊತೆಯಲ್ಲಿದ್ದವು. ಆ ಪ್ರದರ್ಶನವು ೧೯೮೯ರಲ್ಲಿ ವಾಷಿಂಗ್ಟನ್ನಿನಲ್ಲಿ ರದ್ದಾಗಿ, ೧೯೯೦ರಲ್ಲಿ ಸಿನ್ಸಿನಾಟಿಯಲ್ಲಿ ಅಶ್ಲೀಲತೆಯ ಮೊಕದ್ದಮೆಯನ್ನೆದುರಿಸಿ ಗೆದ್ದಿತು. ಒಂಟಿಯಾಗಿ ನೋಡಿದಾಗ ಶಾಂತವೆನಿಸುವ ಹೂ, ಪಕ್ಕದ ದೇಹದಿಂದಾಗಿ ಬೇರೆಯಾಗಿ ಕಾಣುತ್ತದೆ. ಮುಕ್ತಕವೊಂದನ್ನು ಬಿಡಿಯಾಗಿ ಓದುವುದಕ್ಕೂ ಪ್ರಬಂಧದೊಳಗೆ ಓದುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ನೆನೆಯಬಹುದು.

೫. ಸೇವಂತಿಗೆ ಮತ್ತು ಬಯೊನೆಟ್

ವಸ್ತುವೈದೃಶ್ಯಕ್ಕೆ ಫ್ರಾನ್ಸಿನ ಮಾರ್ಕ್ ರಿಬೂ (೧೯೨೩-೨೦೧೬) ತೆಗೆದ ಒಂದು ಚಿತ್ರವನ್ನು ಪರಿಶೀಲಿಸಬಹುದು. ೧೯೬೭ರ ಅಕ್ಟೋಬರ್ ೨೧ರಂದು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಅಮೆರಿಕದ ಸೇನಾ ಕೇಂದ್ರವಾದ ಪೆಂಟಗನ್ನಿಗೆ ಮೆರವಣಿಗೆ ನಡೆಯಿತು. ಹದಿನೇಳು ವರ್ಷದ ಹುಡುಗಿಯೊಬ್ಬಳು ಬಯೊನೆಟ್ಟುಗಳನ್ನು ಚಾಚಿ ಸಾಲಾಗಿ ನಿಂತ ಸೈನಿಕರೆದುರು ಸೇವಂತಿಗೆಯೊಂದನ್ನು ಮುಖದ ಹತ್ತಿರ ಹಿಡಿದು ನಿಂತಿದ್ದಾಳೆ. ಅತ್ತ ಶಿರಸ್ತ್ರಾಣ ತೊಟ್ಟ ಹಲವರು, ಇತ್ತ ಬರಿದಲೆಯ ಒಬ್ಬಳು. ಅತ್ತ ಉಕ್ಕಿನ ನೇರ ಗೆರೆಗಳು, ಇತ್ತ ಹೂವಿನ ದುಂಡು. ಮೇಲೆ ಹೇಳಿದ ಮೂರು ನೆಲೆಗಳ ವೈದೃಶ್ಯವೂ ಇಲ್ಲಿ ಒಂದೆಡೆ ಸೇರಿದೆ.

ಈಗ ಸೇವಂತಿಗೆಯ ನಿಘಂಟಿನ ಅರ್ಥವೇನೆಂದು ಕೇಳಬಹುದು. ಜಪಾನಿನಲ್ಲಿ ಅದು ಚಕ್ರವರ್ತಿಯ ಮನೆತನದ ಲಾಂಛನ. ರಿಬೂ ಹುಟ್ಟಿದ ಫ್ರಾನ್ಸಿನಲ್ಲಿ ನವೆಂಬರ್ ೧ರ ಸುಮಾರಿಗೆ ಗೋರಿಗಳ ಮೇಲಿಡುವ ಹೂ. ಕರ್ನಾಟಕದಲ್ಲಿ ದೇವರಿಗೆ ಏರಿಸುವ, ಹೆಣ್ಣುಮಕ್ಕಳು ಮುಡಿಯುವ ಹೂ. ಈ ಮೂರರಲ್ಲಿ ಯಾವುದನ್ನು ಅರಿಯದವನಿಗೂ ಚಿತ್ರ ಅರ್ಥವಾಗುತ್ತದೆ. ಆ ಕೈಯಲ್ಲಿ ಸೇವಂತಿಗೆಯ ಬದಲು ಚೆಂಡುಹೂ ಇದ್ದಿದ್ದರೂ ಅರ್ಥ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಎದುರಿನ ಬಯೊನೆಟ್ ಇಲ್ಲದಿದ್ದರೆ ಮಾತ್ರ ಎಲ್ಲವೂ ಬದಲಾಗುತ್ತಿತ್ತು. ಪರಸ್ಪರ ಹೊಂದದ ವಸ್ತುಗಳನ್ನು ಒಂದೆಡೆ ತರುವುದನ್ನು ನಮ್ಮ ಆಲಂಕಾರಿಕರು ವಿಷಮಾಲಂಕಾರವೆಂದು ಕರೆದಿದ್ದಾರೆ. ಇಲ್ಲಿನ ರಚನೆ ಅದಕ್ಕೆ ತೀರ ಸಮೀಪವಾದುದು.

ಹಾಗಾದರೆ ಹೂ ಮತ್ತು ಬಂದೂಕು ಎಂಬ ಜೋಡಿಗಾದರೂ ನಿಶ್ಚಿತವಾದ ಅರ್ಥವಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಅದೇ ದಿನ ಅದೇ ಸ್ಥಳದಲ್ಲಿ ಬರ್ನಿ ಬಾಸ್ಟನ್ ಎಂಬ ಪತ್ರಿಕಾ ಛಾಯಾಗ್ರಾಹಕ ತೆಗೆದ ಚಿತ್ರದಲ್ಲಿ ಯುವಕನೊಬ್ಬ ಸೈನಿಕರ ಬಂದೂಕಿನ ನಳಿಗೆಗಳಲ್ಲಿ ಕಾರ್ನೇಶನ್ ಹೂಗಳನ್ನು ಸಿಕ್ಕಿಸುತ್ತಿದ್ದಾನೆ. ಅಲ್ಲಿ ಹೂ ಬಂದೂಕಿಗೆ ಎದುರಾಳಿ. ಏಳು ವರ್ಷಗಳ ಅನಂತರ, ೧೯೭೪ರ ಏಪ್ರಿಲ್ ೨೫ರಂದು, ಪೋರ್ಚುಗಲ್ಲಿನಲ್ಲಿ ಸೈನಿಕರೇ ಸರ್ವಾಧಿಕಾರವನ್ನು ಕೊನೆಗಾಣಿಸಿದಾಗ ಲಿಸ್ಬನ್ನಿನ ಜನ ಅವರ ಬಂದೂಕುಗಳಲ್ಲಿ ಇದೇ ಕಾರ್ನೇಶನ್ನುಗಳನ್ನಿಟ್ಟರು. ಆ ಕ್ರಾಂತಿಗೆ ಹೂವಿನ ಹೆಸರೇ ಬಂದಿತು. ಇಲ್ಲಿ ಹೂ ಬಂದೂಕಿಗೆ ಸಲ್ಲಿಸಿದ ಕೃತಜ್ಞತೆ. ಹೂ ಅದೇ, ನಳಿಗೆಯೂ ಅದೇ, ಆದರೆ ಅರ್ಥ ತದ್ವಿರುದ್ಧ. ಆದ್ದರಿಂದ ವೈದೃಶ್ಯವನ್ನೂ ಮತ್ತೊಂದು ಪಟ್ಟಿಯನ್ನಾಗಿ ಮಾಡಿಕೊಳ್ಳಲು ಬಾರದು. ಹೂವನ್ನು ಇಟ್ಟವರು ಯಾರು, ಬಂದೂಕು ಯಾರತ್ತ ತಿರುಗಿದೆ ಎಂಬುದನ್ನು ಪ್ರತಿಯೊಂದು ಸಂದರ್ಭದಲ್ಲಿಯೂ ಹೊಸದಾಗಿ ಕೇಳಲೇಬೇಕು.

೬. ಧ್ವನಿಸಿದ್ಧಾಂತದ ಬೆಳಕಿನಲ್ಲಿ

'ಕವಿರಾಜಮಾರ್ಗ'ವು ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿ ಹೇಳುತ್ತದೆ. ಅದೇ ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯನ್ನು ಕಾವ್ಯದ ಆತ್ಮವೆಂದು ಸ್ಥಾಪಿಸಿ, ಅದನ್ನು ಅವಿವಕ್ಷಿತವಾಚ್ಯ ಮತ್ತು ವಿವಕ್ಷಿತಾನ್ಯಪರವಾಚ್ಯ ಎಂದು ಎರಡಾಗಿ ವಿಂಗಡಿಸುತ್ತಾನೆ. ಮೊದಲನೆಯದರಲ್ಲಿ ವಾಚ್ಯಾರ್ಥಕ್ಕೆ ಉದ್ದೇಶವೇ ಇರುವುದಿಲ್ಲ. ಎರಡನೆಯದರಲ್ಲಿ ವಾಚ್ಯಾರ್ಥ ಉಳಿದುಕೊಂಡೇ ಇನ್ನೊಂದರ ಕಡೆಗೆ ಬೆರಳು ಮಾಡುತ್ತದೆ. ಮೊದಲನೆಯದಕ್ಕೆ ಅವನು ಕೊಡುವ ಪ್ರಸಿದ್ಧ ಉದಾಹರಣೆಯಲ್ಲಿ ಭೂಮಿ ಚಿನ್ನದ ಹೂ ಬಿಡುತ್ತದೆ. ಅದನ್ನು ಕೊಯ್ಯಬಲ್ಲವರು ಶೂರರು, ವಿದ್ಯಾವಂತರು, ಸೇವೆಯನ್ನರಿತವರು. ಅಲ್ಲಿ ಹೂವೇ ಇಲ್ಲ, ಇರುವುದು ಸಂಪತ್ತು ಮಾತ್ರ.

ಕ್ಯಾಮೆರಾಕ್ಕೆ ಈ ಚಿನ್ನದ ಹೂವನ್ನು ಹಿಡಿಯಲಾಗದು. ಕವಿಯು 'ಹೂ' ಎಂದು ಹೇಳಿ ಹೂವನ್ನು ಬಿಟ್ಟುಬಿಡಬಲ್ಲ. ಛಾಯಾಗ್ರಾಹಕನ ಮುಂದೆ ಇರುವುದು ಒಂದು ದಿನ, ಒಂದು ಗಿಡದಲ್ಲಿ ಅರಳಿದ ಒಂದೇ ಒಂದು ಹೂ. ಕವಿಸಮಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ರಾಜಶೇಖರನು ಚರ್ಚಿಸುವ ಕವಿಸಮಯದ ಪ್ರಕಾರ ಎಲ್ಲ ನದಿಗಳಲ್ಲಿಯೂ ತಾವರೆ ಇರಬಹುದು. ಛಾಯಾಚಿತ್ರದಲ್ಲಿ ತಾವರೆ ಇರುವಲ್ಲಿ ಮಾತ್ರ ತಾವರೆ. ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಪರ್ಸ್ (೧೮೩೯-೧೯೧೪) ಚಿಹ್ನೆಗಳನ್ನು ವಿಂಗಡಿಸುವಾಗ ಛಾಯಾಚಿತ್ರವು ತನ್ನ ವಸ್ತುವಿನೊಡನೆ ಭೌತಿಕ ಸಂಬಂಧವುಳ್ಳದ್ದೆಂದು ಗುರುತಿಸಿದ್ದು ಈ ಕಾರಣಕ್ಕಾಗಿಯೇ. ಹೀಗಾಗಿ ಛಾಯಾಚಿತ್ರದಲ್ಲಿ ಸಾಧ್ಯವಿರುವುದು ವಾಚ್ಯವನ್ನು ಉಳಿಸಿಕೊಳ್ಳುವ ಧ್ವನಿ ಮಾತ್ರ ಎಂದು ಹೇಳಬೇಕಾಗುತ್ತದೆ.

ಆದರೆ ಇಲ್ಲಿ ಒಂದು ತೊಡಕಿದೆ. ವಾಚ್ಯವು ಅಷ್ಟು ಗಟ್ಟಿಯಾಗಿ ಕಣ್ಣಮುಂದೆ ನಿಂತಿರುವಾಗ ನೋಡುಗನು ಅದನ್ನು ದಾಟಿ ಏಕೆ ಹೋಗಬೇಕು? ಲಕ್ಷಣೆಯ ಸಂದರ್ಭದಲ್ಲಿ ಮುಖ್ಯಾರ್ಥಬಾಧೆ ಈ ಕೆಲಸವನ್ನು ಮಾಡುತ್ತದೆ. ಗಂಗೆಯ ಮೇಲೆ ಹಳ್ಳಿಯಿದೆ ಎಂದಾಗ ನೀರಿನ ಮೇಲೆ ಹಳ್ಳಿ ಇರಲಾರದಾದ್ದರಿಂದ ನಾವು ದಡಕ್ಕೆ ಹೋಗುತ್ತೇವೆ. ಛಾಯಾಚಿತ್ರದಲ್ಲಿ ಮುಖ್ಯಾರ್ಥ ಹಾಗೆ ಬಾಧಿತವಾಗುವುದಿಲ್ಲ. ಸೇವಂತಿಗೆ ಸೇವಂತಿಗೆಯಾಗಿಯೇ ಇರುತ್ತದೆ. ವೈದೃಶ್ಯವು ಅದನ್ನು ರದ್ದುಮಾಡದೆ ಅಲ್ಲಿ ನೆಮ್ಮದಿಯಾಗಿ ನಿಲ್ಲಲು ಮಾತ್ರ ನಮಗೆ ಬಿಡುವುದಿಲ್ಲ. ಇಷ್ಟು ಹತ್ತಿರದಲ್ಲಿ ಬಯೊನೆಟ್ ಇರುವಾಗ ಇದು ಬರಿಯ ಹೂ ಎನ್ನಲು ಮನಸ್ಸು ಒಪ್ಪದು. ಹೀಗೆ ಛಾಯಾಚಿತ್ರದಲ್ಲಿ ವೈದೃಶ್ಯವು ಮುಖ್ಯಾರ್ಥಬಾಧೆಯ ಸ್ಥಾನದಲ್ಲಿ ನಿಂತರೂ ಮುಖ್ಯಾರ್ಥವನ್ನು ಉಳಿಸಿಕೊಳ್ಳುತ್ತದೆ. ಶಾಸ್ತ್ರವು ಎರಡು ಬೇರೆ ಬೇರೆ ಮಾರ್ಗಗಳೆಂದು ಹೇಳಿದ್ದು ಈ ಮಾಧ್ಯಮದಲ್ಲಿ ಒಂದನ್ನೊಂದು ಕೂಡುತ್ತದೆ.

೭. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಸಂದರ್ಭವನ್ನು ಅಳಿಸಿದಾಗ ಹೂ ರೂಪವಾಗಿ ಉಳಿಯುತ್ತದೆ. ವಿರುದ್ಧವಾದುದನ್ನು ಎದುರಿಗಿಟ್ಟಾಗ ಸಂಕೇತವಾಗುತ್ತದೆ. ಆ ವಿರುದ್ಧವೂ ಚರಿತ್ರೆಯ ಸಂದರ್ಭಕ್ಕೆ ತಕ್ಕಂತೆ ಅರ್ಥವನ್ನು ಬದಲಿಸುತ್ತದೆ. ಆದ್ದರಿಂದ ತರಗತಿಯಲ್ಲಿ 'ಈ ಹೂ ಯಾವುದರ ಸಂಕೇತ?' ಎಂದು ಕೇಳುವ ಬದಲು 'ಈ ಹೂವಿನ ಎದುರಿಗೆ ಏನಿದೆ?' ಎಂದು ಕೇಳುವುದು ಹೆಚ್ಚು ಉಪಯುಕ್ತವಾದೀತು. ಮೊದಲನೆಯ ಪ್ರಶ್ನೆಗೆ ಕೈಪಿಡಿಯಲ್ಲಿ ಉತ್ತರವಿರುತ್ತದೆ. ಎರಡನೆಯ ಪ್ರಶ್ನೆಗೆ ವಿದ್ಯಾರ್ಥಿಯು ಪಠ್ಯಕ್ಕೆ ಮರಳಿ ಹೋಗಬೇಕಾಗುತ್ತದೆ.

ವಜ್ರದಂತನು ಆ ತಾವರೆಯನ್ನು ನೋಡಿದ ಕ್ರಮವೂ ಇದೇ ಆಗಿತ್ತು. ಚಕ್ರವರ್ತಿಗೆ ಕಾಣಿಕೆಯಾಗಿ ಬಂದ ಹೂಗಳಿಗೆ ಕೊರತೆಯಿರಲಾರದು. ಅವನು ಅಂದು ಹೂವಿನ ಒಳಗನ್ನು ನೋಡಿದನು. ಹೂ ಬಾಡಿರಲಿಲ್ಲ, ಕಂಪು ಕುಂದಿರಲಿಲ್ಲ. ಅದರ ಚೆಲುವಿನಲ್ಲಿ ಯಾವ ಕೊರತೆಯೂ ಇಲ್ಲದಿದ್ದುದರಿಂದಲೇ ಒಳಗಿದ್ದ ದುಂಬಿಯ ಸಾವು ಅವನಿಗೆ ಅಷ್ಟು ಸ್ಪಷ್ಟವಾಗಿ ಕಂಡಿತು. ನಮ್ಮ ಪ್ರಾಚೀನ ಕಾವ್ಯಗಳಲ್ಲಿರುವ ಇಂತಹ ಪುಷ್ಪಸಂದರ್ಭಗಳನ್ನು ವರ್ಣನೆಯೆಂದು ಬದಿಗಿಡದೆ, ಅವುಗಳಲ್ಲಿ ಎದುರುಬದುರಾಗಿರುವ ವಸ್ತುಗಳ ದೃಷ್ಟಿಯಿಂದ ಮರುಪರಿಶೀಲಿಸುವ ಅಗತ್ಯವಿದೆ. ದೃಶ್ಯಮಾಧ್ಯಮದ ಅಧ್ಯಯನವು ಅಂತಹ ಮರುಓದಿಗೆ ನೆರವಾಗಬಲ್ಲದು.